ಪಿರಮಿಡ್ಡಿನ ಕಿಂಡಿಯಲ್ಲಿ ಮೂರನೆಯ ನಕ್ಷತ್ರ

ಇಶಾನಿ, ಸೋಮವಾರದಿಂದ ನೀನು ಸೈಬರ್‌ಜಯಾದಲ್ಲಿ ಮ್ಯೂಸಿಯಂಗಳಿಗೆ ಮಾದರಿಗಳನ್ನು ಮಾಡಿಕೊಡುವ ಕಂಪನಿಗೆ ಸೇರುತ್ತಿದ್ದೀಯ. ಮೊನ್ನೆ ಊಟದ ಹೊತ್ತಿಗೆ ಕೇಳಿದೆಯಲ್ಲ, “ಅಜ್ಜಿ, ಯು ವರ್ಕ್ಡ್ ವಿತ್ ಸ್ಟಾರ್ಸ್, ರೈಟ್? ವಾಟ್ ಡಿಡ್ ಯು ಆಕ್ಚುವಲಿ ಡೂ?” ಅಂತ. ನಾನು “ಒರೆಸುತ್ತಿದ್ದೆ” ಅಂದೆ. ನಿನ್ನ ತಮ್ಮ ನಿಹಾಲ್ ಬಾಯಲ್ಲಿದ್ದ ಅನ್ನ ಚೆಲ್ಲುವಂತೆ ನಕ್ಕು, “ಸೋ ಅಜ್ಜಿ ಡಸ್ಟೆಡ್ ದ ಯೂನಿವರ್ಸ್, ಲಾ!” ಅಂದ. ನಿಮ್ಮ ಅಮ್ಮ ಅವನನ್ನು ಗದರಿದಳು. ಆದರೆ ಅವನು ಹೇಳಿದ್ದರಲ್ಲಿ ತಪ್ಪೇನಿಲ್ಲ. ಹತ್ತೊಂಬತ್ತು ವರ್ಷ ನಾನು ಮಾಡಿದ್ದು ಹೆಚ್ಚುಕಡಿಮೆ ಅದೇ.

ನಾಲ್ಕು ಜನರ ಎದುರು ಮಾತಾಡಲು ನನಗೆ ಈಗಲೂ ಬರುವುದಿಲ್ಲ. ಬರೆಯಲು ಬರುತ್ತದೆ. ಪಾವಗಡದ ಕಡೆಯ ನಮ್ಮ ಹಳ್ಳಿಯ ಶಾಲೆಯಲ್ಲಿ ಏಳನೇ ತರಗತಿವರೆಗೆ ಕಲಿತ ಕನ್ನಡ ಇದು. ನಿಮಗೆ ಓದಲು ಕಷ್ಟವಾದರೆ ಅಮ್ಮ ಓದಿ ಹೇಳಲಿ, ಕೇಳಿದರೆ ನಿಮಗೆ ಅರ್ಥವಾಗುತ್ತದೆ.

ನಿಮ್ಮ ತಾತ ಫ್ಯಾಕ್ಟರಿಯೊಂದರಲ್ಲಿ ಯಂತ್ರ ರಿಪೇರಿಯ ಕೆಲಸಕ್ಕೆಂದು ನಮ್ಮನ್ನು ಮಲೇಷ್ಯಾದ ಈ ಪುಚೊಂಗ್‌ಗೆ ಕರೆತಂದರು. ಮೂರು ವರ್ಷವಾಗಿತ್ತು. ಒಂದು ಬೆಳಿಗ್ಗೆ ಶೂ ಹಾಕಿಕೊಳ್ಳಲು ಕುಳಿತವರು ಏಳಲಿಲ್ಲ. ನಿಮ್ಮ ಅಮ್ಮನಿಗೆ ಆಗ ಹನ್ನೊಂದು ವರ್ಷ, ಇಲ್ಲಿನ ಶಾಲೆಗೆ ಆಗಷ್ಟೇ ಹೊಂದಿಕೊಂಡಿದ್ದಳು. ಪಕ್ಕದ ಮನೆಯ ಸರೋಜಾ ಅಕ್ಕ, ತಮಿಳರು, ಅವರು ಕೆಲಸ ಮಾಡುತ್ತಿದ್ದ ಜಾಗದಲ್ಲಿ ನನಗೂ ಕೆಲಸ ಕೊಡಿಸಿದರು. ಅದೊಂದು ಖಾಸಗಿ ನಕ್ಷತ್ರಶಾಲೆ. ಗುಮ್ಮಟದ ಕೆಳಗೆ ಒರಗು ಕುರ್ಚಿಗಳು, ನಡುವೆ ದೊಡ್ಡ ಇರುವೆಯ ಆಕಾರದ ಪ್ರೊಜೆಕ್ಟರು. ದೀಪ ಆರಿಸಿದರೆ ಗುಮ್ಮಟದ ತುಂಬ ಆಕಾಶ. ನಾನು ಈ ದೇಶದಲ್ಲಿ ಉಳಿಯಬೇಕಾದರೆ ವರ್ಷಕ್ಕೊಮ್ಮೆ ಅಲ್ಲಿನ ಮೇಲಧಿಕಾರಿಯ ಪತ್ರ ಬೇಕಿತ್ತು. ಪತ್ರವಿದ್ದರೆ ನನಗೆ ಪರ್ಮಿಟ್ಟು, ನನ್ನ ಪರ್ಮಿಟ್ಟು ಇದ್ದರೆ ನಿಮ್ಮ ಅಮ್ಮನಿಗೆ ಶಾಲೆ. ಈ ಒಂದು ವಿಷಯ ನೆನಪಿಟ್ಟುಕೊಂಡು ಮುಂದೆ ಓದಿ.

ಮೊದಲ ತಿಂಗಳು ಕುರ್ಚಿಯ ಕೆಳಗಿನ ಬಬಲ್‌ಗಮ್ ಕೆರೆಯುವುದರಲ್ಲಿ ಕಳೆಯಿತು. ಪ್ರೊಜೆಕ್ಟರು ನಡೆಸುತ್ತಿದ್ದವರು ಹಾಶಿಂ ಅಂತ, ಐವತ್ತು ದಾಟಿದ ಮಲಯ್ ಗೃಹಸ್ಥರು. ಸೊಂಟದಲ್ಲಿ ಸದಾ ಒಂದು ಸ್ಕ್ರೂಡ್ರೈವರ್. ನನ್ನನ್ನು ‘ಕಾಕ್ ಗಿರಿಜಾ’ ಅನ್ನುತ್ತಿದ್ದರು, ಗಿರಿಜಕ್ಕ ಅಂದ ಹಾಗೆ, ವಯಸ್ಸಿನಲ್ಲಿ ಅವರೇ ದೊಡ್ಡವರಾದರೂ. ಲೆನ್ಸುಗಳ ಧೂಳನ್ನು ಒತ್ತುವ ರಬ್ಬರ್ ಬುರುಡೆಯಿಂದ ಗಾಳಿ ಊದಿ ತೆಗೆಯಬೇಕು, ಬಟ್ಟೆ ತಾಗಿಸಬಾರದು ಎಂದು ಎರಡು ಸಲ ಹೇಳಿದ್ದರು. ನನಗೆ ಮಲಯ್ ಅರ್ಧ ಅರ್ಥವಾಗಿತ್ತು. ಪೂರ್ತಿ ಆಯಿತು ಅನ್ನುವಂತೆ ತಲೆಯಾಡಿಸಿದ್ದೆ. ಮರುದಿನ ಒಂದು ಪುಟ್ಟ ಲೆನ್ಸಿನ ಮೇಲೆ ಬೆರಳಚ್ಚು ಕಂಡಿತು, ಸೆರಗಿನ ತುದಿಯಿಂದ ಚೆನ್ನಾಗಿ ಉಜ್ಜಿದೆ. ಅದು ಲುಬ್ಧಕ ನಕ್ಷತ್ರದ ಲೆನ್ಸು, ಆಕಾಶದಲ್ಲಿ ಎಲ್ಲಕ್ಕಿಂತ ಹೊಳೆಯುವುದು. ಅವತ್ತಿನಿಂದ ನಮ್ಮ ಗುಮ್ಮಟದ ಲುಬ್ಧಕಕ್ಕೆ ಒಂದು ಬಾಲ ಬಂತು. ಹೊಸ ಲೆನ್ಸು ಬರುವವರೆಗೆ, ಒಂದು ವರ್ಷ, ಮಕ್ಕಳು “ಅದು ಧೂಮಕೇತುವಾ?” ಎಂದು ಕೇಳುವುದು, ಹಾಶಿಂ ಕತ್ತಲಲ್ಲಿ ಗಂಭೀರವಾಗಿ “ಹೌದು, ಗಿರಿಜಾ ಧೂಮಕೇತು, ನಮ್ಮಲ್ಲಿ ಮಾತ್ರ ಕಾಣುತ್ತದೆ” ಅನ್ನುವುದು ನಡೆಯಿತು. ಬೈಯಲಿಲ್ಲ. ಬೈದಿದ್ದರೆ ನಾನು ಬೇಗ ಕಲಿಯುತ್ತಿದ್ದೆನೋ ಏನೋ.

ನನ್ನ ದೋಷ ಏನೆಂದು ಈಗ ಹೇಳಿಬಿಡುತ್ತೇನೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನಲು ನನಗೆ ನಾಚಿಕೆ. ಮದುವೆಯಲ್ಲಿ ಪುರೋಹಿತರು ನಮ್ಮಿಬ್ಬರನ್ನೂ ಚಪ್ಪರದ ಹೊರಗೆ ಕರೆತಂದು ನಡುಹಗಲಲ್ಲಿ ಆಕಾಶಕ್ಕೆ ಬೆರಳು ತೋರಿಸಿ, “ಅರುಂಧತಿ ನಕ್ಷತ್ರ ಕಂಡಿತೇನಮ್ಮ?” ಅಂದರು. ಕಣ್ಣು ಕುಕ್ಕುವ ಬಿಸಿಲು. “ಕಂಡಿತು” ಅಂದೆ. ನಿಮ್ಮ ತಾತನೂ “ಕಂಡಿತು” ಅಂದರು. ಆಮೇಲೆ ಬಸ್ಸಿನಲ್ಲಿ ಅವರು ಮೆಲ್ಲಗೆ, “ನಿಜವಾಗಿ ಕಂಡಿತಾ?” ಅಂತ ಕೇಳಿದರು. ಅದಕ್ಕೂ ನಾನು ಹೂಂ ಅಂದಿದ್ದೆ. ಮೊದಲ ದಿನವೇ ಗಂಡನಿಗೆ ಹೇಳಿದ ಸುಳ್ಳು.

ಐದನೇ ವರ್ಷ ನಮ್ಮಲ್ಲಿ ಈಜಿಪ್ಟಿನ ಪ್ರದರ್ಶನ ಮಾಡುವುದೆಂದಾಯಿತು. ಗುಮ್ಮಟದ ಪಕ್ಕದ ಹಜಾರದಲ್ಲಿ ಆಳೆತ್ತರದ ಪಿರಮಿಡ್ ಮಾದರಿ. ನಮ್ಮ ಮುಖ್ಯಸ್ಥೆಯನ್ನು ಎಲ್ಲರೂ ‘ಪುವಾನ್’ ಅಂತಲೇ ಕರೆಯುತ್ತಿದ್ದರು, ಮೇಡಂ ಅಂದ ಹಾಗೆ. ನಗು ಕಡಿಮೆ, ಅನ್ಯಾಯ ಇನ್ನೂ ಕಡಿಮೆ. ಅವರು ನಮ್ಮೆಲ್ಲರನ್ನು, ಒರೆಸುವವರನ್ನೂ, ಕೂರಿಸಿಕೊಂಡು ವಿಷಯ ವಿವರಿಸಿದರು. ನಾಲ್ಕೂವರೆ ಸಾವಿರ ವರ್ಷದ ಹಿಂದೆ ದಿಕ್ಸೂಚಿ ಇಲ್ಲದ ಕಾಲದಲ್ಲಿ ಆ ಜನ ದೊಡ್ಡ ಪಿರಮಿಡ್ಡಿನ ನಾಲ್ಕು ಬದಿಗಳನ್ನು ನಾಲ್ಕು ದಿಕ್ಕಿಗೆ ಕೂದಲೆಳೆಯಷ್ಟು ಸರಿಯಾಗಿ ಕೂರಿಸಿದ್ದಾರೆ. ಹೇಗೆ ಎಂಬುದಕ್ಕೆ ಇನ್ನೂ ಒಮ್ಮತವಿಲ್ಲ. ನಕ್ಷತ್ರ ನೋಡಿ ಅನ್ನುವವರಿದ್ದಾರೆ, ಸೂರ್ಯನ ನೆರಳಿನಿಂದ ಅನ್ನುವವರೂ ಇದ್ದಾರೆ. ಒಳಗಿನ ಕೋಣೆಯಿಂದ ಓರೆಯಾಗಿ ಮೇಲಕ್ಕೆ ಹೋಗುವ ಸಣ್ಣ ಕಿಂಡಿಗಳಿವೆ. ದಕ್ಷಿಣದ ಒಂದು ಕಿಂಡಿ ಆ ಕಾಲದಲ್ಲಿ ಒರಾಯನ್‌ನ ನಡುಪಟ್ಟಿಯ ಮೂರು ನಕ್ಷತ್ರಗಳತ್ತ, ನಮ್ಮ ಮೃಗಶಿರದ ಕಡೆಯ ಆ ಸಾಲು ಮೂರರತ್ತ, ಮುಖಮಾಡಿತ್ತೆಂದು ಕೆಲವರ ವಾದ. ನಮ್ಮ ಮಾದರಿಯಲ್ಲಿ ಮಕ್ಕಳು ಆ ಕಿಂಡಿಗೆ ಕಣ್ಣಿಟ್ಟರೆ ದಕ್ಷಿಣದ ಗೋಡೆಯ ಮೇಲಿನ ಮೂರು ಸಣ್ಣ ಬಲ್ಬುಗಳು ಸಾಲಾಗಿ ಕಾಣಬೇಕು. “ನಮ್ಮ ಮಾದರಿಯೂ ನಿಜವಾದ ಉತ್ತರಕ್ಕೆ ನಿಂತಿರಬೇಕು. ಅದೇ ನಮ್ಮ ಹೆಮ್ಮೆ. ಇಲ್ಲದಿದ್ದರೆ ಅದು ಬರೀ ಪ್ಲೈವುಡ್ಡು” ಅಂದರು ಪುವಾನ್. ಮಂಗಳವಾರ ಶಾಲೆಯ ಮಕ್ಕಳು ಬರುವವರಿದ್ದರು.

ಅದರ ಹಿಂದಿನ ಶುಕ್ರವಾರ. ಮಧ್ಯಾಹ್ನ ಹಾಶಿಂ ಮತ್ತು ಉಳಿದ ಗಂಡಸರು ಮಸೀದಿಗೆ ಹೊರಟರು. ಪುವಾನ್ ಹೊರಗೆ ಮೀಟಿಂಗಿನಲ್ಲಿದ್ದರು. “ಮಾದರಿ ತರುವವರು ಬಂದರೆ ಕಾಯಲು ಹೇಳಿ ಕಾಕ್, ನೆಲಕ್ಕೆ ದಿಕ್ಕಿನ ಗೆರೆ ನಾನು ಬಂದು ಹಾಕುತ್ತೇನೆ” ಎಂದು ಹಾಶಿಂ ಹೇಳಿ ಹೋದರು. ಅವರು ಅತ್ತ ಹೋದರು, ಇತ್ತ ಲಾರಿ ಬಂತು. ಮೇಸ್ತ್ರಿ ಮುರುಗನ್, ಇಲ್ಲೇ ಹುಟ್ಟಿ ಬೆಳೆದ ತಮಿಳ, ಬೆವರು ಒರೆಸುತ್ತ ಬಂದವನೇ, “ಅಕ್ಕಾ, ವಡಕ್ಕು ಗೆರೆ ಎಲ್ಲಿ? ಎರಡು ಗಂಟೆಗೆ ಲಾರಿ ಕ್ಲಾಂಗ್‌ನಲ್ಲಿ ಇರಬೇಕು. ತಡವಾದರೆ ನಮ್ಮ ಬಾಸ್ ನನ್ನನ್ನೇ ತಪಾವ್ ಮಾಡಿ, ಪೊಟ್ಟಣ ಕಟ್ಟಿ ಕಳಿಸುತ್ತಾನೆ” ಅಂದ. ಉತ್ತರದ ಗೆರೆ ಅವನಿಗೆ ಬೇಕಿತ್ತು.

ಕಾಯಿರಿ ಅನ್ನುವ ಒಂದು ಮಾತು ನನ್ನ ಬಾಯಿಂದ ಬರಲಿಲ್ಲ. “ಇಳಿಸುತ್ತಿರಿ, ಐದು ನಿಮಿಷ” ಅಂದೆ.

ಹಜಾರದ ಚಾವಣಿಯ ಮೇಲೆ ಒಂದು ಹಸಿರು ಬಾಣವಿತ್ತು. ದಿನಾ ನೋಡುತ್ತಿದ್ದೆ. ನಮ್ಮ ಹಳ್ಳಿ ಶಾಲೆಯ ಗೋಡೆಯ ಭೂಪಟದ ಮೂಲೆಯಲ್ಲೂ ಹಾಗೇ ಒಂದು ಬಾಣವಿತ್ತು, ಅದರ ಮೇಲೆ ಉ ಎಂದು ಬರೆದಿತ್ತು. ಬಾಣವೆಂದರೆ ಉತ್ತರ. ನನಗೆ ಅನುಮಾನವೇ ಬರಲಿಲ್ಲ. ನನ್ನ ಅಪ್ಪ ಗಾರೆ ಕೆಲಸದವರು, ತೂಗುಗುಂಡು ಇಳಿಸುವುದು ನನಗೆ ಚಿಕ್ಕಂದಿನಿಂದ ಗೊತ್ತು. ಏಣಿ ಹತ್ತಿ ಬಾಣದ ತಲೆಯಿಂದ ಒಂದು ದಾರ, ಬಾಲದಿಂದ ಒಂದು ದಾರ ಇಳಿಬಿಟ್ಟೆ. ಗುಂಡು ತೂಗಾಡದಂತೆ ಅಪ್ಪ ಮಾಡುತ್ತಿದ್ದ ಹಾಗೆ ಅದನ್ನು ನೀರಿನ ಲೋಟದಲ್ಲಿ ಮುಳುಗಿಸಿದೆ. ದಾರ ನಿಶ್ಚಲವಾದ ಮೇಲೆ ನೆಲದಲ್ಲಿ ಗುರುತು ಹಾಕಿ ಬಿಳಿ ಟೇಪು ಅಂಟಿಸಿದೆ. ಅಷ್ಟು ಅಚ್ಚುಕಟ್ಟಾದ ಗೆರೆಯನ್ನು ನಾನು ಮತ್ತೆಂದೂ ಎಳೆದಿಲ್ಲ. ಮುರುಗನ್ ಟೇಪು ನೋಡಿ, “ಅಡೇಯಪ್ಪಾ, ಇಂಜಿನಿಯರ್ ಅಕ್ಕಾ!” ಅಂದ. ನೆಲ ಕೊರೆದು ನಾಲ್ಕು ಬೋಲ್ಟು ಬಿಗಿದು ಹೊರಟುಹೋದ. ನಾನು ಆ ಮಧ್ಯಾಹ್ನ ಬಹಳ ಸಂತೋಷದಲ್ಲಿದ್ದೆ.

ಹಾಶಿಂ ಬಂದು ಕಿಂಡಿಗೆ ಕಣ್ಣಿಟ್ಟರು. ತೆಗೆದರು. ಮತ್ತೆ ಇಟ್ಟರು. “ಅಲಾಮಾಕ್” ಅಂದರು, ಅಯ್ಯೋ ದೇವರೇ ಅನ್ನುವ ಹಾಗೆ. “ಫೆರೋ ಸತ್ತ ಮೇಲೆ ನಕ್ಷತ್ರಕ್ಕೆ ಹೋಗಬೇಕಿತ್ತು. ಇಲ್ಲಿ ಹೆಂಗಸರ ಟಾಯ್ಲೆಟ್ಟಿಗೆ ಹೋಗುತ್ತಾನೆ.”

ಆ ಹಜಾರ ಹಿಂದೆ ನಮಾಜಿನ ಕೋಣೆಯಾಗಿತ್ತು. ಚಾವಣಿಯ ಬಾಣ ಕಿಬ್ಲಾ ತೋರಿಸುವುದು, ಮೆಕ್ಕಾದ ದಿಕ್ಕು. ಇಲ್ಲಿಂದ ಅದು ಪಶ್ಚಿಮದಿಂದ ತುಸು ಉತ್ತರಕ್ಕೆ. ಈ ದೇಶದ ಹೋಟೆಲು, ಆಫೀಸು ಎಲ್ಲದರಲ್ಲೂ ಆ ಬಾಣ ಇರುತ್ತದೆ. ಇಲ್ಲಿ ಬೆಳೆದ ಯಾವ ಮಗುವೂ, ಯಾವ ಧರ್ಮದ್ದಾದರೂ, ಈ ತಪ್ಪು ಮಾಡದು. ಪಾವಗಡದಿಂದ ಬಂದು, ಎಂಟು ವರ್ಷ ಯಾರನ್ನೂ ಏನೂ ಕೇಳದೆ ಬದುಕಿದವಳು ಮಾತ್ರ ಮಾಡಬಲ್ಲಳು.

ಪುವಾನ್ ಬಂದರು. ಹೊಸ ಗ್ರಾನೈಟ್ ನೆಲದಲ್ಲಿ ನಾಲ್ಕು ತೂತು. ಸಂಜೆ ನಾಲ್ಕಕ್ಕೆ ಮುರುಗನ್‌ನನ್ನು ಮತ್ತೆ ಕರೆಸಿದರು. “ಈ ಗೆರೆ ಹಾಕಿದವರು ಯಾರು?”

ನಾನು ಕೈಯಲ್ಲಿ ಒರೆಸುವ ಬಟ್ಟೆ ಹಿಡಿದು ಅಲ್ಲೇ ನಿಂತಿದ್ದೆ. ಮುರುಗನ್ ನನ್ನ ಕಡೆ ನೋಡಿದ. ನಾನು ವಿಧವೆ ಎಂದು, ಪತ್ರದ ಮೇಲೆ ಇರುವವಳು ಎಂದು ಸರೋಜಾ ಅಕ್ಕನಿಂದ ಅವನಿಗೆ ಗೊತ್ತಿತ್ತು.

“ನಾನೇ ಪುವಾನ್. ಅವಸರದಲ್ಲಿ ಅಳತೆ ತಪ್ಪಿತು.”

“ನಿಮ್ಮ ಕಂಪನಿಗೆ ಫೋನು ಮಾಡುತ್ತೇನೆ. ಈ ಕೆಲಸಕ್ಕೆ ಬೇರೆಯವರನ್ನು ಕಳಿಸಲಿ. ನೀವು ಇನ್ನು ಇಲ್ಲಿಗೆ ಬರಬೇಡಿ” ಅಂದರು ಪುವಾನ್.

ಆಗಲೂ ನಾನು ಸುಮ್ಮನಿದ್ದೆ. ಮುರುಗನ್ ಹೋಗುವಾಗ ಮೆಲ್ಲಗೆ, “ಅಕ್ಕಾ, ನನಗೆ ಬೇರೆ ಕಡೆ ಕೆಲಸ ಸಿಗುತ್ತದೆ. ನಿಮಗೆ ಹುಡುಗಿ ಇದ್ದಾಳೆ” ಅಂದ. ಅವನಿಗೂ ಇಬ್ಬರು ಮಕ್ಕಳಿದ್ದರು.

ಮನೆಗೆ ಬಂದರೆ ನಿಮ್ಮ ಅಮ್ಮ ಊಟದ ಮೇಜಿನ ಮೇಲೆ ಪುಸ್ತಕ ಹರಡಿಕೊಂಡಿದ್ದಳು. ಮರುವರ್ಷ ಅವಳಿಗೆ ದೊಡ್ಡ ಪರೀಕ್ಷೆ. “ಅಮ್ಮ, ವೈ ಯುವರ್ ಫೇಸ್ ಲೈಕ್ ದಟ್?” ಅಂದಳು. ಏನಿಲ್ಲ ಅಂದೆ. ಅನ್ನಕ್ಕಿಟ್ಟೆ. ಏನಿಲ್ಲ ಅಂದದ್ದು ಕುಕ್ಕರಿನ ಸದ್ದಿಗಿಂತ ಜೋರಾಗಿ ಕಿವಿಯಲ್ಲಿ ಕೇಳುತ್ತಿತ್ತು.

ಶನಿವಾರ ಬೆಳಿಗ್ಗೆ ಹಾಶಿಂ ಎದುರಿನ ಮಾಮಕ್ ಅಂಗಡಿಯಲ್ಲಿ, ತಮಿಳು ಮುಸ್ಲಿಮರ ಹೋಟೆಲಿನಲ್ಲಿ, ರೋಟಿ ತಿನ್ನುತ್ತಿದ್ದರು. ಹೋಗಿ ಎದುರು ನಿಂತೆ. ಎಲ್ಲ ಹೇಳಿದೆ. ಅವರು ತಿನ್ನುವುದನ್ನು ನಿಲ್ಲಿಸಿ, “ಕಿಬ್ಲಾಕ್ಕೆ ತೂಗುಗುಂಡು ಇಳಿಸಿದಿರಾ? ನೀರಿನ ಲೋಟದ ಜೊತೆ?” ಅಂದರು.

“ಹೌದು.”

“ಹಾಗಾದರೆ ನಮ್ಮ ಪಿರಮಿಡ್ಡು ಇಡೀ ಕೌಲಾಲಂಪುರದಲ್ಲೇ ಅತ್ಯಂತ ಸರಿಯಾಗಿ ಮೆಕ್ಕಾಕ್ಕೆ ತಿರುಗಿದೆ” ಎಂದು ನಕ್ಕರು. ಆಮೇಲೆ ನಗು ನಿಲ್ಲಿಸಿ, “ನನಗೆ ಹೇಳಿದ್ದು ಸಾಲದು ಕಾಕ್. ಬನ್ನಿ” ಅಂದರು.

ಪುವಾನ್ ಎದುರು ನನ್ನ ಮಲಯ್ ಎಲ್ಲ ಹಾರಿಹೋಯಿತು. “ಗೆರೆ ನಾನು. ಮುರುಗನ್ ಅಲ್ಲ” ಇಷ್ಟೇ ಬಂತು.

“ನಿನ್ನೆ ಯಾಕೆ ಹೇಳಲಿಲ್ಲ?”

“ಹೆದರಿಕೆ.”

“ಗೆರೆ ಹಾಕುವ ಮೊದಲು ಯಾಕೆ ಕೇಳಲಿಲ್ಲ?”

“ನಾಚಿಕೆ.”

“ಒಂದು ತಪ್ಪಿಗೆ ಎರಡು ಕಾರಣ” ಅಂದರು. ಫೋನೆತ್ತಿ ಮುರುಗನ್‌ನ ಕಂಪನಿಗೆ, ತಪ್ಪು ನಮ್ಮ ಕಡೆಯದು, ಅದೇ ಮೇಸ್ತ್ರಿಯನ್ನೇ ಕಳಿಸಿ ಎಂದರು. ನನಗೆ, “ನಿಮ್ಮ ಪತ್ರದ ವಿಷಯ ಮಂಗಳವಾರದ ನಂತರ ನೋಡೋಣ” ಅಂದರು.

ಈಗ ಯಾವ ಗುರುತನ್ನೂ ನಂಬಲು ಅವರು ಸಿದ್ಧರಿರಲಿಲ್ಲ. ಗೋಡೆಯ ಬಲ್ಬುಗಳನ್ನು ಹಾಶಿಂ ದಿಕ್ಸೂಚಿ ನೋಡಿ ಕೂರಿಸಿದ್ದರು. ದಿಕ್ಸೂಚಿಯನ್ನು ಹಜಾರದ ಮೂರು ಕಡೆ ಇಟ್ಟು ನೋಡಿದರೆ ಕಂಬಗಳೊಳಗಿನ ಕಬ್ಬಿಣದಿಂದಾಗಿ ಮುಳ್ಳು ಮೂರು ತೆರನಾಗಿ ನಿಂತಿತು. ನನಗೆ ಅಪ್ಪ ಪಾಯ ಹಾಕುವ ಮುಂಚೆ ಮಾಡುತ್ತಿದ್ದುದು ನೆನಪಾಯಿತು. ಹೇಳಲು ನಾಚಿಕೆ. ಆದರೆ ಅಷ್ಟೊತ್ತಿಗೆ ಕಳೆದುಕೊಳ್ಳಲು ಮಾನ ಉಳಿದಿರಲಿಲ್ಲವಲ್ಲ. “ಒಂದು ಗೂಟ ಸಾಕು” ಅಂದೆ.

ವಿಧಾನ ಇಷ್ಟು. ಬಯಲಿನ ಸಮನೆಲದಲ್ಲಿ ನೇರವಾಗಿ ಒಂದು ಗೂಟ. ಅದರ ಸುತ್ತ ದಾರದಿಂದ ಒಂದು ವೃತ್ತ. ಬೆಳಿಗ್ಗೆ ಗೂಟದ ನೆರಳಿನ ತುದಿ ಕುಗ್ಗುತ್ತ ವೃತ್ತವನ್ನು ಮುಟ್ಟುವಲ್ಲಿ ಒಂದು ಗುರುತು, ಮಧ್ಯಾಹ್ನ ಅದು ಬೆಳೆಯುತ್ತ ಮತ್ತೆ ಮುಟ್ಟುವಲ್ಲಿ ಇನ್ನೊಂದು. ಎರಡನ್ನೂ ಸೇರಿಸಿದರೆ ಪೂರ್ವ ಪಶ್ಚಿಮ. ಅದಕ್ಕೆ ಮೂಲೆಮಟ್ಟ ಹಿಡಿದರೆ ಉತ್ತರ. ಪುವಾನ್ ಕೇಳಿಸಿಕೊಂಡು, “ಈಜಿಪ್ಟಿನವರು ಹೀಗೇ ಮಾಡಿರಬಹುದು ಎಂದು ನಾನು ಓದಿದ್ದೇನೆ. ಮಾಡುವವರನ್ನು ನೋಡಿಲ್ಲ” ಅಂದರು.

ಶನಿವಾರ ಹಿಂದಿನ ಅಂಗಳದಲ್ಲಿ ಗೂಟ ನೆಟ್ಟೆ. ಅಪ್ಪನಂತೆ ಒಂದೇ ದೊಡ್ಡ ವೃತ್ತ ಎಳೆದೆ. ಬೆಳಗಿನ ಗುರುತು ಸಿಕ್ಕಿತು. ಹನ್ನೆರಡಕ್ಕೆ ನೆರಳು ಅತಿ ಚಿಕ್ಕದಾಗಬೇಕಿತ್ತು, ಆಗಲಿಲ್ಲ, ಇನ್ನೂ ಕುಗ್ಗುತ್ತಲೇ ಇತ್ತು. ನನಗೆ ಗಾಬರಿ. ಹಾಶಿಂ, “ನಮ್ಮ ಗಡಿಯಾರ ಸೂರ್ಯನಿಗಿಂತ ಮುಂದಿದೆ ಕಾಕ್. ಇಲ್ಲಿ ನಿಜವಾದ ಮಧ್ಯಾಹ್ನ ಒಂದೂಕಾಲಿಗೆ” ಅಂದರು. ಅಂದರೆ ಎರಡನೆಯ ಗುರುತಿಗೆ ಸಂಜೆಯ ಹತ್ತಿರದವರೆಗೆ ಕಾಯಬೇಕು. ಮೂರೂವರೆಗೆ ಮೋಡ, ನಾಲ್ಕಕ್ಕೆ ಮಳೆ. ಪಾವಗಡದ ವಿಧಾನಕ್ಕೆ ಪಾವಗಡದ ಬಿಸಿಲೇ ಬೇಕಿತ್ತು.

ಭಾನುವಾರ ನಾನೇ ಬದಲಾಯಿಸಿದೆ. ಒಂದರೊಳಗೊಂದು ಏಳು ವೃತ್ತ ಎಳೆದೆ. ಯಾವ ವೃತ್ತಕ್ಕೆ ಎರಡೂ ಗುರುತು ಸಿಕ್ಕರೂ ಸಾಕು. ರಜೆಯ ದಿನ ನಾವು ನಾಲ್ವರು, ಪುವಾನ್, ಹಾಶಿಂ, ಮುರುಗನ್, ನಾನು, ಒಂದು ಕೊಡೆಯ ಕೆಳಗೆ ಗೂಟದ ಸುತ್ತ ಕುಳಿತೆವು. ಮುರುಗನ್ ಎಲ್ಲರಿಗೂ ಬಂಗ್ಕುಸ್ ಕಾಫಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಟ್ಟದ್ದು, ತಂದಿದ್ದ. “ಅಕ್ಕಾ, ಗೂಟಕ್ಕೆ ಕುಂಕುಮ ಇಡುವುದಿಲ್ಲವಾ? ಲಿಂಗ ಅಂದುಕೊಂಡು ಯಾರಾದರೂ ಕೈ ಮುಗಿಯುತ್ತಾರೆ” ಎಂದ. ಪುವಾನ್ ನಕ್ಕದ್ದನ್ನು ನಾನು ಮೊದಲು ನೋಡಿದ್ದು ಅವತ್ತೇ. ಮಧ್ಯಾಹ್ನದ ನಂತರ ಮೋಡ ಬರುವ ಮೊದಲು ಒಳಗಿನ ಮೂರು ವೃತ್ತಗಳಿಗೆ ಎರಡೂ ಗುರುತು ಸಿಕ್ಕವು. ಮೂರು ಗೆರೆಗಳೂ ಒಂದಕ್ಕೊಂದು ಸಮಾನಾಂತರ. ಹಿಂಬಾಗಿಲ ಮೂಲಕ ದಾರ ಎಳೆದು ಗೆರೆಯನ್ನು ಹಜಾರದೊಳಗೆ ತಂದೆವು.

ಸೋಮವಾರ ಹೊಸ ಗೆರೆಗೆ ತಕ್ಕಂತೆ ಹಾಶಿಂ ಬಲ್ಬುಗಳನ್ನು ಸರಿಸಿದರು, ಮುರುಗನ್ ಪಿರಮಿಡ್ಡನ್ನು ತಿರುಗಿಸಿದ. ಹೊಸ ತೂತು ಕೊರೆಯುವ ಮುಂಚೆ ಒಮ್ಮೆ ನೋಡಬೇಕಿತ್ತು. “ಗೆರೆ ಅವರದು. ಅವರೇ ನೋಡಲಿ” ಅಂದರು ಪುವಾನ್.

ಬಗ್ಗಿ ಕಿಂಡಿಗೆ ಕಣ್ಣಿಟ್ಟೆ. ಹಿಂದೆ ಮೂವರೂ ನಿಂತಿದ್ದರು. ಮುರುಗನ್‌ನ ಕೈಯಲ್ಲಿ ಡ್ರಿಲ್ಲು ಸಿದ್ಧವಾಗಿತ್ತು.

“ನಂಪಾಕ್?” ಅಂದರು ಹಾಶಿಂ. ಕಾಣುತ್ತಾ?

ಎರಡು ಬಲ್ಬು ಕಾಣುತ್ತಿದ್ದವು. ಮೂರನೆಯದು ಕಿಂಡಿಯ ಅಂಚಿನ ಹಿಂದೆ. ನನ್ನ ಕಣ್ಣೇ ಮಂಜಾಗಿರಬಹುದು. ಎರಡು ಕಂಡರೂ ಮಕ್ಕಳಿಗೆ ಸಾಕು. ಎಲ್ಲರೂ ದಣಿದಿದ್ದಾರೆ. ನನ್ನ ಪತ್ರ ಹಿಂದೆ ನಿಂತವರ ಕೈಯಲ್ಲಿದೆ. ‘ಕಂಡಿತು’ ಎಂಬ ಮಾತು ನಾಲಿಗೆಯ ತುದಿಯಲ್ಲಿ ಮದುವೆಯ ದಿನದಿಂದಲೂ ಕಾದು ಕುಳಿತಿತ್ತು.

“ಎರಡೇ ಕಾಣುತ್ತಿವೆ. ಮೂರನೆಯದು ಕಾಣುತ್ತಿಲ್ಲ” ಅಂದೆ.

ಮುರುಗನ್ ಡ್ರಿಲ್ಲು ಕೆಳಗಿಟ್ಟು ಅಂಗಾತ ಮಲಗಿ ಪಿರಮಿಡ್ಡಿನ ಪೀಠದ ಕೆಳಗೆ ಟಾರ್ಚು ಬಿಟ್ಟ. ಒಂದು ಮೂಲೆಯಡಿ ಹಳೆಯ ಬಿಳಿ ಟೇಪಿನ ತುಂಡು ಮುದುರಿಕೊಂಡಿತ್ತು. ನಾನೇ ಶುಕ್ರವಾರ ಅಂಟಿಸಿದ್ದು. ಪೀಠ ಅಷ್ಟರಮಟ್ಟಿಗೆ ಮೇಲೆದ್ದು ಓರೆಯಾಗಿತ್ತು. ಅದನ್ನು ಕಿತ್ತು, ಪೀಠವನ್ನು ಕಿರುಬೆರಳಷ್ಟು ಸರಿಸಿದ. ನಾನು ಮತ್ತೆ ನೋಡಿದೆ. ಒಂದು, ಎರಡು, ಮೂರು.

ಪುವಾನ್ ಬುಧವಾರ ಪತ್ರ ಕೊಟ್ಟರು. ಕೊಡುವಾಗ ಶುಕ್ರವಾರದ ಮಾತೆತ್ತಲಿಲ್ಲ. “ನಿನ್ನೆ ಮುನ್ನೂರು ಮಕ್ಕಳಿಗೂ ಮೂರು ಕಂಡವು” ಅಂದರು, ಅಷ್ಟೇ. ಮುರುಗನ್ ಆಮೇಲೆಯೂ ಅಲ್ಲಿನ ಎಲ್ಲ ಕೆಲಸಕ್ಕೂ ಬಂದ. ಅವನ ಮಗಳ ಮದುವೆಗೆ ನಿಮ್ಮನ್ನೂ ಕರೆದುಕೊಂಡು ಹೋಗಿದ್ದೆ, ನಿಮಗೆ ಅಲ್ಲಿನ ಪಾಯಸ ಮಾತ್ರ ನೆನಪಿರಬಹುದು.

ಕಂಪ್ಯೂಟರ್ ಪ್ರೊಜೆಕ್ಟರು ಬಂದ ಮೇಲೆ ಎಲ್ಲ ಸುಲಭವಾಯಿತು. ದಿನಾಂಕ ಒತ್ತಿದರೆ ಆಕಾಶ ತಾನೇ ತಿರುಗುತ್ತದೆ. ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಈಜಿಪ್ಟಿನ ಆಟಕ್ಕೆ ಸ್ಥಳವನ್ನು ಮಾತ್ರ ಬದಲಿಸಿ ಕಾಲವನ್ನು ಹಿಂದಕ್ಕೆ ಒಯ್ಯದೆ ಬಿಟ್ಟಳು. ಪಿರಮಿಡ್ಡಿನ ಉತ್ತರಕ್ಕೆ ನಮ್ಮ ಧ್ರುವ ನಕ್ಷತ್ರ ಬಂದು ನಿಂತಿತು. ಆ ಕಾಲದಲ್ಲಿ ಆ ಜಾಗದ ಹತ್ತಿರ ಇದ್ದದ್ದು ಬೇರೆ ನಕ್ಷತ್ರ. ಧ್ರುವವೂ ಕದಲುತ್ತದೆ ಎಂಬುದು ನನಗೆ ಅಲ್ಲಿ ತಿಳಿದದ್ದು. ಆಟ ಶುರುವಾಗುವ ಮುಂಚೆ ಹೋಗಿ ಅವಳ ಕಿವಿಯಲ್ಲಿ ಹೇಳಿದೆ. ಅವಳು, “ಹೌ ಡು ಯು ನೋ, ಕಾಕ್?” ಅಂದಳು. “ಗೊತ್ತಿರಲಿಲ್ಲ. ಕೇಳಿದೆ” ಅಂದೆ.

ಇನ್ನೊಂದು ಇದೆ, ಅದಕ್ಕೂ ಮುಂಚಿನದು. ಹಳೆಯ ಇರುವೆ ಪ್ರೊಜೆಕ್ಟರನ್ನು ತೆಗೆಯುವ ವಾರವೇ ಹಾಶಿಂ ಅವರ ಕೊನೆಯ ವಾರವೂ ಆಗಿತ್ತು. ಅಷ್ಟು ವರ್ಷ ಒರೆಸಿದ್ದ ಕುರ್ಚಿಯಲ್ಲಿ ನನ್ನನ್ನು ಕೂರಿಸಿ, ದೀಪ ಆರಿಸಿ, ಈಜಿಪ್ಟಿನ ಆಕಾಶ ಹಾಕಿದರು. ಬೆಳಕಿನ ಬಾಣದಿಂದ ತೋರಿಸಿದರು. ಧ್ರುವಬಿಂದುವಿನ ಆಚೆ ಒಂದು, ಈಚೆ ಒಂದು, ಎರಡು ನಕ್ಷತ್ರ. ಇಳಿಬಿಟ್ಟ ದಾರ ಎರಡನ್ನೂ ಒಟ್ಟಿಗೆ ಮುಟ್ಟುವ ಗಳಿಗೆಯಲ್ಲಿ ದಾರ ಉತ್ತರವನ್ನು ತೋರಿಸುತ್ತದೆ, ಪಿರಮಿಡ್ಡಿನವರು ಹೀಗೆ ನೋಡಿದರು ಎನ್ನುವವರೂ ಇದ್ದಾರೆ ಎಂದರು. ಈಚೆಯ ನಕ್ಷತ್ರ ಸಪ್ತರ್ಷಿಗಳ ಬಾಲದ ನಡುವಿನದು. ನಮ್ಮ ವಸಿಷ್ಠ.

“ಅದರ ಪಕ್ಕ ಒಂದು ಚಿಕ್ಕ ಜೊತೆಗಾರ್ತಿ ಇದ್ದಾಳೆ ಕಾಕ್. ನಂಪಾಕ್?”

ಅರುಂಧತಿ.

“ಇಲ್ಲ, ಕಾಣುತ್ತಿಲ್ಲ” ಅಂದೆ.

ಹಾಶಿಂ ಅವಸರ ಮಾಡಲಿಲ್ಲ. ಉಳಿದಿದ್ದ ಸಣ್ಣ ದೀಪಗಳನ್ನೂ ಒಂದೊಂದಾಗಿ ಆರಿಸಿದರು. ಕಣ್ಣು ಕತ್ತಲೆಗೆ ಹೊಂದುವವರೆಗೆ ಇಬ್ಬರೂ ಕಾದು ಕುಳಿತೆವು. ಆಮೇಲೆ, ವಸಿಷ್ಠನಿಗೆ ಒತ್ತಿಕೊಂಡು, ಸಾಸಿವೆಯ ಕಾಳಿನಷ್ಟು ಚಿಕ್ಕದಾಗಿ, ಅವಳು ಬಂದಳು. ನಿಮ್ಮ ತಾತ ಬಸ್ಸಿನಲ್ಲಿ ಕೇಳಿದ್ದಕ್ಕೆ ನಾನು ಅವತ್ತು ಉತ್ತರ ಕೊಟ್ಟೆ.